ಕಡಲಿಗೆ ಹೊರಟ ನಮ್ಮ ಹುಡುಗರು
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಬೀಜ, ಗೊಬ್ಬರ, ಕೆರೆಯ ಹೂಳು, ದನಕರುಗಳ ರೋಗ ಇವುಗಳ ವಿಚಾರ ಮಾತನಾಡುತ್ತೇವೆ. ಈ ದಿನ ಕಡಲಿನ ವಿಚಾರ ಹೇಳಬೇಕೆಂದಿದ್ದೇನೆ. ಬಯಲುಸೀಮೆಯ ರೈತರಿಗೆ ಕಡಲಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ಕಡಲು ನಮ್ಮ ಊರಿಗೆ ಬರುವುದಿಲ್ಲ, ನಿಜ. ಆದರೆ ನಮ್ಮ ಊರಿನ ಹುಡುಗರು ಕಡಲಿಗೆ ಹೋಗುತ್ತಾರೆ. ಸುಗ್ಗಿ ಮುಗಿದೊಡನೆ, ಪರೀಕ್ಷೆ ಮುಗಿದೊಡನೆ, ಹತ್ತು ಹದಿನೈದು ಜನ ಹಣ ಕೂಡಿಸಿ, ಒಂದು ಟೆಂಪೋ ಮಾಡಿಕೊಂಡು ಗೋಕರ್ಣ, ಮುರುಡೇಶ್ವರ, ಮಲ್ಪೆಗಳಿಗೆ ಹೊರಡುತ್ತಾರೆ. ದೇವರ ದರ್ಶನಕ್ಕೆಂದು ಹೊರಟ ಗಾಡಿಯೂ ಕೊನೆಗೆ ಕಡಲ ದಂಡೆಯಲ್ಲಿ ನಿಲ್ಲುತ್ತದೆ.

ಹೋಗುವುದು ತಪ್ಪಲ್ಲ. ವರ್ಷವೆಲ್ಲ ಹೊಲದಲ್ಲಿ ದುಡಿದ ಹುಡುಗ, ಓದಿ ದಣಿದ ಹುಡುಗ ನಾಲ್ಕು ಊರು ನೋಡಬೇಕು. ಆದರೆ ಅವನು ಹೋದಷ್ಟೇ ಸುಖವಾಗಿ ಹಿಂದಿರುಗಬೇಕು. ಅವನಿಂದ ಆ ಊರಿನವರಿಗೆ ತೊಂದರೆಯೂ ಆಗಬಾರದು. ಈ ಎರಡು ಮಾತಿಗಾಗಿಯೇ ಇಂದಿನ ಭಾಷಣ.

ರಜೆಯ ದಿನ ಸಂಜೆ ಕಡಲ ದಂಡೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಮುಚ್ಚಿಡದೆ ಹೇಳೋಣ. ಗಾಡಿಯಿಂದ ಇಳಿಯುತ್ತಲೇ ಕೂಗಾಟ. ಹಾಡಿನ ಪೆಟ್ಟಿಗೆಯ ಅಬ್ಬರ. ಕೆಲವರ ಕೈಯಲ್ಲಿ ಬಾಟಲಿ. ಕುಡಿದ ಬಾಟಲಿ ಮರಳಿನಲ್ಲೇ ಒಡೆದು ಬೀಳುತ್ತದೆ; ಮರುದಿನ ಬರಿಗಾಲಿನಲ್ಲಿ ಬಲೆ ಎಳೆಯಲು ಬಂದ ಮೀನುಗಾರನ ಕಾಲಿಗೆ ಆ ಗಾಜು ನೆಡುತ್ತದೆ. ಸಂಸಾರ ಸಮೇತ ಬಂದ ಹೆಣ್ಣುಮಕ್ಕಳು ನೀರಿಗಿಳಿದರೆ ಗುಂಪಿನಿಂದ ಸಿಳ್ಳೆ, ಚುಚ್ಚುಮಾತು. ಕತ್ತಲಾದ ಮೇಲೆ ಎರಡು ಗುಂಪುಗಳಿಗೆ ಜಗಳ. ಬೇಡವೆಂದರೂ ಕೇಳದೆ ಅಲೆಗೆ ಎದುರು ಓಡುವ ಪಂತ. ಇವರೆಲ್ಲ ಯಾರ ಮಕ್ಕಳು? ಎಲ್ಲಿಂದಲೋ ಬಂದ ಪುಂಡರು ಎಂದು ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಮೊದಲು ನೀರಿನ ಮಾತು. ನಮ್ಮ ಹುಡುಗರು ಬಾವಿಯಲ್ಲಿ, ಕೆರೆಯಲ್ಲಿ, ಕಾಲುವೆಯಲ್ಲಿ ಈಜು ಕಲಿತವರು. ಆ ಧೈರ್ಯವೇ ಅವರಿಗೆ ಕಡಲಿನಲ್ಲಿ ಮುಳುವಾಗುತ್ತದೆ. ಕೆರೆಯ ನೀರು ನಿಂತ ನೀರು. ಕಡಲಿನ ನೀರು ನಿಲ್ಲುವುದೇ ಇಲ್ಲ. ದಡಕ್ಕೆ ಬಡಿದ ಅಲೆಗಳ ನೀರು ಎಲ್ಲಾದರೂ ಹಿಂದಕ್ಕೆ ಹೋಗಲೇಬೇಕಲ್ಲವೇ? ಗದ್ದೆಯಲ್ಲಿ ತುಂಬಿದ ನೀರು ಬದು ತಗ್ಗಾದ ಕಡೆ ನುಗ್ಗಿ ಹೋಗುವಂತೆ, ಈ ನೀರೂ ಮರಳಿನ ದಿಬ್ಬಗಳ ನಡುವೆ ತಗ್ಗು ಸಿಕ್ಕಿದ ಕಡೆ ಕೂಡಿಕೊಂಡು ಕಡಲಿನತ್ತ ರಭಸವಾಗಿ ಹರಿಯುತ್ತದೆ. ಇದೇ ಸೆಳವು. ಸಾಮಾನ್ಯವಾಗಿ ಅದರ ವೇಗ ಸೆಕೆಂಡಿಗೆ ಒಂದೆರಡು ಅಡಿ. ಕೆಲವೊಮ್ಮೆ ೮ ಅಡಿಯವರೆಗೂ ಏರುತ್ತದೆ. ಅಷ್ಟು ವೇಗದ ಎದುರು ಒಲಿಂಪಿಕ್ ಪಂದ್ಯದ ಈಜುಗಾರನೂ ಈಜಿ ಗೆಲ್ಲಲಾರ. ಇನ್ನೂ ಮೋಸದ ಸಂಗತಿಯೆಂದರೆ, ಸೆಳವು ಇರುವ ಜಾಗದಲ್ಲಿ ಅನೇಕ ವೇಳೆ ಅಲೆ ಒಡೆಯುವುದು ಕಡಿಮೆ. ನೋಡಿದವರಿಗೆ ಅಲ್ಲಿಯೇ ನೀರು ಶಾಂತವಾಗಿದೆ, ಅಲ್ಲಿಯೇ ಇಳಿಯೋಣ ಎನಿಸುತ್ತದೆ.

೨೦೨೪ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ನಡೆದುದು ತಮಗೆ ನೆನಪಿರಬಹುದು. ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ೨೦೨೨ರ ಏಪ್ರಿಲಿನಲ್ಲಿ ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದಿಂದ ಬಂದ ಮೂವರು ಕಾಲೇಜು ವಿದ್ಯಾರ್ಥಿಗಳು ತೀರಿಕೊಂಡರು. ಇವರನ್ನು ಪುಂಡರೆಂದು ಯಾರೂ ಹೇಳುವಂತಿಲ್ಲ. ನಗುನಗುತ್ತ ಊರು ನೋಡಲು ಬಂದ ಮಕ್ಕಳು. ಕಡಲು ಒಳ್ಳೆಯವರು, ಕೆಟ್ಟವರು ಎಂದು ನೋಡುವುದಿಲ್ಲ. ಹಾಗಿದ್ದ ಮೇಲೆ, ಕುಡಿದು ಕೂಗಾಡುತ್ತ ಇಳಿಯುವ ಗುಂಪಿನ ಗತಿ ಏನಾದೀತು, ತಾವೇ ಯೋಚಿಸಿ.

ಮನೆಯಲ್ಲಿ ತಲೆ ತಗ್ಗಿಸಿ ಮಾತನಾಡುವ ಹುಡುಗ ದಂಡೆಯಲ್ಲಿ ಏಕೆ ಹೀಗಾಗುತ್ತಾನೆ? ಇದನ್ನು ವಿದ್ವಾಂಸರೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬವರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ವಯಸ್ಸಿನವರಿಗೆ ಗಾಡಿ ಓಡಿಸುವ ಆಟವೊಂದನ್ನು ಕೊಟ್ಟರು. ಮೊದಲು ಕೆಲವರನ್ನು ಒಬ್ಬೊಬ್ಬರಾಗಿ ಕೂರಿಸಿದರು. ಕೆಲವರನ್ನು ಗೆಳೆಯರ ಎದುರಿಗೆ ಕೂರಿಸಿದರು. ಗೆಳೆಯರು ನೋಡುತ್ತಿದ್ದಾಗ ಎಳೆಯ ವಯಸ್ಸಿನವರು ಹೆಚ್ಚು ಅಪಾಯಕ್ಕೆ ಕೈಹಾಕಿದರು. ಪ್ರಾಯ ಕಳೆದವರಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಮ್ಮ ಹುಡುಗನ ಗುಣ ಕೆಟ್ಟಿಲ್ಲ. ಹತ್ತು ಕಣ್ಣು ನೋಡುತ್ತಿವೆ ಎಂಬ ಅಮಲು ಅವನಿಗೆ ಏರಿದೆ. ಅದರ ಮೇಲೆ ಮದ್ಯದ ಅಮಲೂ ಸೇರಿದರೆ ಬುದ್ಧಿ ಹೇಳುವವರು ಯಾರು?

ಇದು ನಮ್ಮ ದೇಶದ ಕಷ್ಟ ಮಾತ್ರವೂ ಅಲ್ಲ. ಇಂಗ್ಲೆಂಡಿನಲ್ಲಿ ಕ್ಲಾಕ್ಟನ್ ಎಂಬ ಕಡಲೂರಿದೆ. ೧೯೬೪ರ ಈಸ್ಟರ್ ರಜೆಯಲ್ಲಿ ಅಲ್ಲಿಗೆ ಸ್ಕೂಟರು, ಮೋಟಾರ್ ಸೈಕಲ್ಲುಗಳ ಮೇಲೆ ತರುಣರ ಗುಂಪುಗಳು ಬಂದವು. ಚಳಿ, ಮಳೆ, ಮಾಡಲು ಕೆಲಸವಿಲ್ಲ, ಕೂರಲು ಜಾಗವಿಲ್ಲ. ಕೈಕೈ ಮಿಲಾಯಿಸಿದರು, ಕಿಟಕಿಗಳನ್ನು ಒಡೆದರು. ಪೊಲೀಸರು ೯೭ ಜನರನ್ನು ಹಿಡಿದರು. ಪತ್ರಿಕೆಗಳು ಇದನ್ನು ದೊಡ್ಡ ಯುದ್ಧವೆಂಬಂತೆ ಬರೆದವು. ಅದೇ ವರ್ಷದ ಮೇ ತಿಂಗಳ ರಜೆಗೆ ಮಾರ್ಗೇಟ್, ಬ್ರೈಟನ್ ಊರುಗಳಲ್ಲಿಯೂ ಗಲಭೆಯಾಯಿತು. ಸ್ಟ್ಯಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ಕುರಿತು ೧೯೭೨ರಲ್ಲಿ ಒಂದು ಪುಸ್ತಕ ಬರೆದರು. ನಿಜವಾಗಿ ಆದ ಹಾನಿಗಿಂತ ಎಬ್ಬಿಸಿದ ಗುಲ್ಲೇ ದೊಡ್ಡದು, ಆ ಗುಲ್ಲೇ ಮತ್ತಷ್ಟು ಗಲಭೆಗೆ ದಾರಿ ಮಾಡಿತು ಎಂದು ಅವರು ತೋರಿಸಿಕೊಟ್ಟರು. ಎಲ್ಲ ಹುಡುಗರನ್ನೂ ಪುಂಡರೆಂದು ಕರೆದರೆ, ಪುಂಡರಲ್ಲದವರೂ ಆ ಹೆಸರನ್ನು ಹೊತ್ತು ಮೆರೆಯತೊಡಗುತ್ತಾರೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಓಷನ್ ಸಿಟಿ ಎಂಬ ಕಡಲೂರಿನವರು ೨೦೨೩ರ ಬೇಸಗೆಯಲ್ಲಿ ಬೇರೆ ದಾರಿ ಹಿಡಿದರು. ಮೇ ತಿಂಗಳ ರಜೆಯಲ್ಲಿ ಹದಿಹರೆಯದವರ ಗುಂಪುಗಳಿಂದ ತೊಂದರೆಯಾದ ಮೇಲೆ ಕೆಲವು ನಿಯಮಗಳನ್ನು ಸಾರಿದರು. ರಾತ್ರಿ ೮ ಗಂಟೆಯ ಮೇಲೆ ದಂಡೆಗೆ ಯಾರೂ ಇಳಿಯುವಂತಿಲ್ಲ. ಆ ಹೊತ್ತಿನ ಮೇಲೆ ದಂಡೆಯ ಹಲಗೆದಾರಿಯಲ್ಲಿ ಬೆನ್ನುಚೀಲ ತರುವಂತಿಲ್ಲ. ಬಾಟಲಿಗಳು ಬರುವುದು ಅದರಲ್ಲಿಯೇ ತಾನೆ. ೧೮ ವರ್ಷದೊಳಗಿನವರು ರಾತ್ರಿ ೧೧ರ ಮೇಲೆ ಬೀದಿಯಲ್ಲಿ ಅಲೆಯುವಂತಿಲ್ಲ. ನಿಯಮಗಳು ಕೆಲವೇ, ಎಲ್ಲರಿಗೂ ತಿಳಿಯುವಂಥವು, ರಜೆಯ ಜನಸಂದಣಿ ಏರುವ ಮೊದಲೇ ಸಾರಿದಂಥವು. ಜಗಳ ಹತ್ತಿದ ಮೇಲೆ ಲಾಠಿ ಬೀಸುವುದಕ್ಕಿಂತ ಇದು ಮೇಲಲ್ಲವೇ?

ನಮ್ಮ ಕರಾವಳಿಯಲ್ಲಿಯೂ ಏರ್ಪಾಡುಗಳಿವೆ. ಮಲ್ಪೆಯಲ್ಲಿ ಮಳೆಗಾಲ ಬಂತೆಂದರೆ ದಂಡೆಯುದ್ದಕ್ಕೂ ಬಲೆಯ ಬೇಲಿ ಕಟ್ಟಿ, ಕೆಂಪು ಬಾವುಟ ನೆಟ್ಟು, ಜನ ನೀರಿಗಿಳಿಯದಂತೆ ತಡೆಯುತ್ತಾರೆ. ದ್ವೀಪಕ್ಕೆ ಹೋಗುವ ದೋಣಿಗಳೂ ಆಗ ನಿಲ್ಲುತ್ತವೆ. ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿದೆ. ಅದು ಮುಖ್ಯವಾಗಿ ಮೀನಿನ ಸಂತಾನ ಉಳಿಯಲೆಂದು. ಆ ತಿಂಗಳುಗಳಲ್ಲಿ ಕಡಲೂ ಕೆರಳಿರುತ್ತದೆ. ಹುಟ್ಟಿನಿಂದ ಕಡಲನ್ನು ಬಲ್ಲವರೇ ದೊಡ್ಡ ದೋಣಿಗಳನ್ನು ದಡಕ್ಕೆ ಕಟ್ಟಿ ಕುಳಿತಿರುವಾಗ, ಕೆರೆಯಲ್ಲಿ ಈಜಿದ ನಾವು ಬೇಲಿ ದಾಟಿ ನುಗ್ಗುವುದು ಯಾವ ಜಾಣತನ?

ಆದರೆ ಬಂಧುಗಳೇ, ಬಲೆ, ಬಾವುಟ, ಪೊಲೀಸು ಇವೆಲ್ಲ ಕೊನೆಯ ಬೇಲಿ. ಮೊದಲ ಬೇಲಿ ನಮ್ಮ ಊರಿನಲ್ಲಿಯೇ ಇರಬೇಕು. ಇದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ತೇರಿನ ದಿನ ಸಾವಿರಾರು ಜನ ಸೇರುತ್ತಾರೆ. ಹಗ್ಗ ಹಿಡಿಯುವವರು ಯಾರು, ಚಕ್ರಕ್ಕೆ ಗೊದ್ದ ಕೊಡುವವರು ಯಾರು, ಎಳೆಯರನ್ನು ಚಕ್ರದ ಬಳಿ ಬಿಡದಂತೆ ನೋಡುವವರು ಯಾರು ಎಂಬುದನ್ನು ಹಿರಿಯರು ಮೊದಲೇ ಗೊತ್ತುಮಾಡಿರುತ್ತಾರೆ. ಆ ದಿನ ಬಹಳ ಉತ್ಸಾಹದ ಹುಡುಗನನ್ನು ಬೈದು ಓಡಿಸುವುದಿಲ್ಲ. ಅವನ ಕೈಗೇ ಹಗ್ಗ ಕೊಡುತ್ತಾರೆ. ಕಡಲಿನ ಪ್ರವಾಸಕ್ಕೂ ಇದೇ ಬುದ್ಧಿ ಸಾಕು. ಪ್ರತಿಯೊಂದು ಯುವಕ ಸಂಘದಲ್ಲಿ, ಪ್ರತಿಯೊಂದು ಮನೆಯಲ್ಲಿ ಈ ಕಟ್ಟುಪಾಡುಗಳನ್ನು ಮಾಡಿಕೊಳ್ಳಬೇಕೆಂದು ಕೋರುತ್ತೇನೆ.

೧. ಗುಂಪಿಗೆ ಒಬ್ಬ ಮುಖಂಡನಿರಲಿ. ಅವನ ಮಾತನ್ನು ಉಳಿದವರು ಕೇಳುವಂತಿರಬೇಕು. ಹೆಚ್ಚು ಗದ್ದಲ ಮಾಡುವ ಹುಡುಗನಿಗೇ ಒಂದು ಜವಾಬ್ದಾರಿ ವಹಿಸಿ. ಹೊರಡುವಾಗ, ದಂಡೆಯಲ್ಲಿ, ಗಾಡಿ ಹತ್ತುವಾಗ ತಲೆ ಎಣಿಸಬೇಕು.

೨. ಗಾಡಿಯಲ್ಲಿ ಬಾಟಲಿ ಬೇಡ. ಇದನ್ನು ಹಣ ಕೂಡಿಸುವ ದಿನವೇ ಹೇಳಿ. ಒಪ್ಪದವನು ಮನೆಯಲ್ಲಿ ಉಳಿಯಲಿ.

೩. ಸರಕು ಸಾಗಿಸುವ ಗಾಡಿಯಲ್ಲಿ ಜನರನ್ನು ತುಂಬಬೇಡಿ. ೧೮ ತುಂಬದ ಹುಡುಗನ ಕೈಗೆ ಗಾಡಿ ಕೊಡಬೇಡಿ. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅಪ್ರಾಪ್ತ ವಯಸ್ಕನು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಮಾಲೀಕನಿಗೆ ೨೫,೦೦೦ ರೂಪಾಯಿ ದಂಡ, ೩ ವರ್ಷದವರೆಗೆ ಸಜೆ. ಗಾಡಿಯ ನೋಂದಣಿ ೧೨ ತಿಂಗಳು ರದ್ದು. ಆ ಹುಡುಗನಿಗೆ ೨೫ ವರ್ಷ ತುಂಬುವವರೆಗೆ ಲೈಸೆನ್ಸ್ ಸಿಕ್ಕದು.

೪. ದಂಡೆಗೆ ಹೋದೊಡನೆ ನೀರಿಗೆ ಓಡಬೇಡಿ. ಜೀವರಕ್ಷಕ ಸಿಬ್ಬಂದಿಯನ್ನು ಅಥವಾ ಅಲ್ಲಿಯ ಮೀನುಗಾರರನ್ನು ಕೇಳಿ. ಅವರನ್ನು ಅಣ್ಣಾ ಎಂದು ಕರೆದು ಒಂದು ಮಾತು ವಿಚಾರಿಸಿದರೆ ನಮ್ಮ ಮರ್ಯಾದೆ ಕಡಿಮೆಯಾಗದು. ಕೆಂಪು ಬಾವುಟವಿದ್ದರೆ ಅಪಾಯ, ಇಳಿಯಬೇಡಿ. ಕೆಂಪು ಹಳದಿ ಎರಡೂ ಬಣ್ಣದ ಬಾವುಟಗಳಿದ್ದರೆ, ಅವುಗಳ ನಡುವಿನ ಜಾಗದಲ್ಲಿ ಕಾವಲಿದೆ ಎಂದು ಅರ್ಥ.

೫. ಕತ್ತಲಾದ ಮೇಲೆ ನೀರು ಬೇಡ. ಅಲೆ ಬಡಿಯುವ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುವುದೂ ಬೇಡ.

೬. ಹೆಣ್ಣುಮಕ್ಕಳಿರುವ ಕಡೆ ನಮ್ಮೂರಿನ ತೇರಿಗೆ ಅಕ್ಕತಂಗಿಯರು ಬಂದಾಗ ಹೇಗಿರುತ್ತೀರೋ ಹಾಗೆಯೇ ಇರಿ. ಬಲೆ, ದೋಣಿಗಳನ್ನು ಮುಟ್ಟಬೇಡಿ. ನಮ್ಮ ಕಣದ ರಾಶಿಯ ಮೇಲೆ ಯಾರಾದರೂ ಕುಣಿದರೆ ಸುಮ್ಮನಿರುತ್ತೇವೆಯೇ? ಅವರಿಗೆ ಬಲೆಯೇ ರಾಶಿ.

ಇಷ್ಟಾಗಿಯೂ ಯಾರಾದರೂ ಸೆಳವಿಗೆ ಸಿಕ್ಕಿದರೆ ಮಾಡಬೇಕಾದುದನ್ನು ಎಲ್ಲರೂ ತಿಳಿದಿರಬೇಕು. ಸಿಕ್ಕಿದವನು ದಡದತ್ತ ನೇರವಾಗಿ ಈಜಿ ದಣಿಯಬಾರದು. ಸೆಳವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಆದ್ದರಿಂದ ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಬೀಸಬೇಕು. ಶಕ್ತಿಯಿದ್ದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳವು ದಾಟಿದ ಮೇಲೆ ದಡದತ್ತ ತಿರುಗಬೇಕು. ದಡದಲ್ಲಿರುವವರು ಒಬ್ಬರ ಹಿಂದೆ ಒಬ್ಬರು ಧುಮುಕಬಾರದು. ಹಾಗೆ ಮಾಡಿದರೆ ಒಂದು ಹೆಣ ಎತ್ತುವ ಕಡೆ ಮೂರು ಎತ್ತಬೇಕಾದೀತು. ಜೀವರಕ್ಷಕರನ್ನು ಕೂಗಿ, ಹಗ್ಗ, ಗಾಳಿ ತುಂಬಿದ ಟ್ಯೂಬು, ಖಾಲಿ ಕ್ಯಾನು, ತೇಲುವುದು ಏನಿದ್ದರೂ ಎಸೆಯಿರಿ, ೧೧೨ಕ್ಕೆ ಫೋನು ಮಾಡಿ.

ಮೇಲೆ ತಂದವನು ಉಸಿರಾಡದಿದ್ದರೆ ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ಬೇಡ. ಅದರಲ್ಲಿ ಹೊತ್ತು ಹಾಳಾಗುತ್ತದೆ. ಅಂಗಾತ ಮಲಗಿಸಿ, ಬಲ್ಲವರು ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ಅನಂತರ ಎದೆಯ ನಡುವೆ ನಿಮಿಷಕ್ಕೆ ೧೦೦ರಿಂದ ೧೨೦ ಸಲದಂತೆ ಗಟ್ಟಿಯಾಗಿ ಒತ್ತಬೇಕು. ೩೦ ಸಲ ಒತ್ತಿ ೨ ಸಲ ಊದುತ್ತ, ಆಂಬುಲೆನ್ಸ್ ಬರುವವರೆಗೆ ಬಿಡದೆ ಮುಂದುವರಿಸಬೇಕು. ಇದನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ ಯುವಕ ಸಂಘಗಳಲ್ಲಿ ಕಲಿಸುವ ಏರ್ಪಾಡು ಮಾಡಿಕೊಳ್ಳಿ. ಕೆರೆಗೂ, ಕೃಷಿ ಹೊಂಡಕ್ಕೂ ಈ ವಿದ್ಯೆ ಬೇಕೇ ಬೇಕು.

ಯುವಕ ಮಿತ್ರರೇ, ನಿಮ್ಮ ಸಂತೋಷಕ್ಕೆ ಅಡ್ಡಿ ಬರಲು ಈ ಮಾತು ಹೇಳಲಿಲ್ಲ. ನೀವು ಹಿಂದಿರುಗುವವರೆಗೆ ಮನೆಯಲ್ಲಿ ಅವ್ವ ದೀಪ ಆರಿಸದೆ ಕಾಯುತ್ತಿರುತ್ತಾಳೆ. ಹಿರಿಯರೇ, ಹುಡುಗರನ್ನು ಬೈದು ತಡೆದರೆ ಕದ್ದು ಹೋಗುತ್ತಾರೆ. ಕೂರಿಸಿ ಹೇಳಿ ಕಳುಹಿಸಿದರೆ ಲೆಕ್ಕ ಒಪ್ಪಿಸುತ್ತಾರೆ. ಮುಂದಿನ ಗ್ರಾಮ ಸಭೆಯಲ್ಲಿ ಈ ಆರು ಕಟ್ಟುಪಾಡುಗಳನ್ನು ಓದಿ, ಒಪ್ಪಿಗೆ ಪಡೆದು, ಶಾಲೆಯ ಗೋಡೆಗೆ, ಪಂಚಾಯಿತಿ ಕಚೇರಿಯ ಬಾಗಿಲಿಗೆ ಅಂಟಿಸಬೇಕೆಂದು ಪ್ರಾರ್ಥಿಸುತ್ತೇನೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ.