ಹಿತ್ತಲ ಹಸಿರು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮನುಷ್ಯರನ್ನು ಕುರಿತೇ ಬಳಸುತ್ತೇವೆ. ಬಳಿಯಲ್ಲಿರುವವರ ಗುಣ ಕಣ್ಣಿಗೆ ಬೀಳುವುದಿಲ್ಲವೆಂಬುದು ಅದರ ಧ್ವನಿ. ಆದರೆ ಈಚೆಗೆ ಈ ಗಾದೆ ತನ್ನ ವಾಚ್ಯಾರ್ಥದಲ್ಲಿಯೇ ನಿಜವಾಗತೊಡಗಿದೆ. ಹಳೆಯ ಮನೆಗಳ ಹಿತ್ತಲಂಚಿನಲ್ಲಿ ಬೆಳೆದಿದ್ದ ಆಡುಸೋಗೆ, ದಾಸವಾಳ, ನಂದಿಬಟ್ಟಲುಗಳನ್ನು ಬೇರುಸಹಿತ ಕಿತ್ತು, ಅಲ್ಲಿ ಡ್ಯುರಾಂಟಾ ಸಸಿಗಳ ಸಾಲನ್ನು ನೆಡುವವರು ಹೆಚ್ಚುತ್ತಿದ್ದಾರೆ. ಕಾರಣ ಕೇಳಿದರೆ, ‘ವರ್ಷವಿಡೀ ಎಲೆ ತುಂಬಿರುತ್ತದೆ, ನೋಟಕ್ಕೂ ಅಚ್ಚುಕಟ್ಟು’ ಎನ್ನುತ್ತಾರೆ.

ಅಚ್ಚುಕಟ್ಟನ್ನು ಬಯಸುವುದು ತಪ್ಪಲ್ಲ. ಆರೈಕೆಯಿಲ್ಲದ ಹಳೆಯ ಪೊದೆ ಬುಡದಲ್ಲಿ ಬರಿದಾಗಿ, ತುದಿಯಲ್ಲಿ ಮಾತ್ರ ಎಲೆ ಹೊತ್ತು ನಿಂತಿರುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ನಿತ್ಯಹಸಿರನ್ನು ಅರಸಿ ನರ್ಸರಿಗೆ ಹೋಗುವ ಮುನ್ನ ಒಂದು ಮಾತನ್ನು ನೆನೆಯಬೇಕು. ನಾವು ಕಿತ್ತೆಸೆಯುತ್ತಿರುವ ಆ ಮೂರೂ ಗಿಡಗಳು ನಿತ್ಯಹಸಿರಿನವೇ.

ಆಡುಸೋಗೆಯನ್ನೇ ನೋಡಿ. ‘ಆಡು ಮುಟ್ಟದ ಸೊಪ್ಪಿಲ್ಲ’ ಎನ್ನುವ ಮಾತಿಗೆ ಇದೊಂದು ಅಪವಾದ. ಆಡು ತೊಡದ ಎಲೆ ಎಂಬರ್ಥದ ಹೆಸರೇ ತಮಿಳಿನಲ್ಲಿ ಇದಕ್ಕಿದೆ. ದನಕರುಗಳೂ ಸಾಮಾನ್ಯವಾಗಿ ಬಾಯಿ ಹಾಕದ ಈ ಕಹಿ ಸೊಪ್ಪು ಬೇಲಿಗೆ ಹೇಳಿ ಮಾಡಿಸಿದ್ದು. ಆಯುರ್ವೇದ ಇದನ್ನು ‘ವಾಸಾ’ ಎಂದು ಕರೆದು ಕೆಮ್ಮು ಉಬ್ಬಸಗಳಿಗೆ ವಿಧಿಸಿತು. ಇದರಲ್ಲಿರುವ ವ್ಯಾಸಿಸಿನ್ ಎಂಬ ಸಾರದ ಜಾಡು ಹಿಡಿದೇ ಇಪ್ಪತ್ತನೆಯ ಶತಮಾನದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧ ರೂಪುಗೊಂಡಿತು. ವೈದ್ಯರನ್ನು ಕೇಳದೆ ಸೊಪ್ಪನ್ನು ಅರೆದು ಕುಡಿಯಬೇಕೆಂದು ನಾನು ಹೇಳುತ್ತಿಲ್ಲ. ಹಿತ್ತಲಲ್ಲಿ ಬೇಡವಾದ ಗಿಡದ ಸಂತತಿಯನ್ನೇ ಅಂಗಡಿಯಿಂದ ಸೀಸೆಯಲ್ಲಿ ತರುತ್ತಿದ್ದೇವೆ ಎಂಬುದಷ್ಟೇ ನನ್ನ ಮಾತು.

ಡ್ಯುರಾಂಟಾ ಉಷ್ಣವಲಯದ ಅಮೆರಿಕದ ಗಿಡ. ಹದಿನಾರನೆಯ ಶತಮಾನದ ಇಟಲಿಯ ವೈದ್ಯ ದುರಾಂತೆಯ ಹೆಸರನ್ನು ಇದಕ್ಕೆ ಇಡಲಾಗಿದೆ. 1753ರಲ್ಲಿ ಪ್ರಕಟವಾದ ಲಿನೇಯಸ್‌ನ ಒಂದೇ ಗ್ರಂಥದಲ್ಲಿ ಇದಕ್ಕೂ ಆಡುಸೋಗೆಗೂ ಶಾಸ್ತ್ರೀಯ ನಾಮಕರಣವಾಯಿತು. ವೈದ್ಯನ ಹೆಸರು ಹೊತ್ತರೂ ಇದರ ಹಳದಿ ಹಣ್ಣು ಮಕ್ಕಳಿಗೆ ವಿಷ. ಪದೇಪದೇ ಕತ್ತರಿಯಾಡಿಸಿದರೆ ಹಣ್ಣೇನೋ ಕಾಣದು. ಆದರೆ ಜೇನಿಗೆ ಹೂವೂ ಸಿಗದು.

ಹಾಗಾದರೆ ಹಳೆಯ ಬೇಲಿ ಬಡವಾದಾಗ ಮಾಡಬೇಕಾದುದೇನು? ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಆಡುಸೋಗೆಯನ್ನು ಮೊಣಕಾಲೆತ್ತರಕ್ಕೆ ಸವರಿದರೆ ಬುಡದಿಂದ ಹೊಸ ಚಿಗುರೊಡೆಯುತ್ತದೆ. ಸವರಿದ ಕಡ್ಡಿಗಳಲ್ಲಿ ಬಲಿತವನ್ನು ಆರಿಸಿ ಬರಿದಾದ ಎಡೆಗಳಲ್ಲಿ ಊರಿದರೆ ಅವೂ ಬೇರುಬಿಡುತ್ತವೆ. ದಾಸವಾಳವೂ ಕಡ್ಡಿಯಿಂದಲೇ ಬೆಳೆಯುತ್ತದೆ. ಹೀಗೆ ಹೆಚ್ಚಿನ ಖರ್ಚಿಲ್ಲದೆ ಹಳೆಯ ಗಿಡವೇ ಹೊಸ ಬೇಲಿಯಾಗುತ್ತದೆ.

ಕನ್ನಡವನ್ನು ಬಹುಕಾಲ ಪಾಠ ಹೇಳಿದ ನನಗೆ ಇನ್ನೊಂದು ಆತಂಕವೂ ಇದೆ. ಗಿಡವನ್ನು ಕೀಳುವಾಗ ಅದರ ಹೆಸರೂ ಕಿತ್ತು ಬರುತ್ತದೆ. ಆಡುಸೋಗೆಯನ್ನು ಕಾಣದ ಮಗುವಿಗೆ ನಾಳೆ ಅದು ನಿಘಂಟಿನ ಶಬ್ದ ಮಾತ್ರ. ಈ ವರ್ಷ ಗುದ್ದಲಿಯನ್ನು ಕೈಗೆತ್ತಿಕೊಳ್ಳುವ ಮುನ್ನ, ಮನೆಯಲ್ಲಿ ಹಿರಿಯರಿದ್ದರೆ ಅವರೊಡನೆ ಒಮ್ಮೆ ಹಿತ್ತಲನ್ನು ಸುತ್ತಿ, ಒಂದೊಂದು ಗಿಡದ ಹೆಸರನ್ನೂ ಮಕ್ಕಳಿಗೆ ಹೇಳಿಸಿ. ಕೀಳಬೇಕೆ ಉಳಿಸಬೇಕೆ ಎಂಬುದನ್ನು ಆಮೇಲೆ ನಿರ್ಧರಿಸಬಹುದು.