ದೆಹಲಿ ಬೇಸಿಗೆಯ ಸಣ್ಣ ಸಣ್ಣ ಸುಖಗಳು



“ಬೇಸಿಗೆಯ ಬಗ್ಗೆ ಹತ್ತು ನಿಮಿಷ ಮಾತಾಡಮ್ಮ, ಆದರೆ ಬೈಯಬೇಡ” ಎಂದು ನಮ್ಮ ಕಾರ್ಯದರ್ಶಿಗಳು ಮೊದಲೇ ಷರತ್ತು ಹಾಕಿದ್ದಾರೆ. ದೆಹಲಿಯ ಬೇಸಿಗೆಯನ್ನು ಬೈಯದೆ ಹತ್ತು ನಿಮಿಷ ಮಾತಾಡುವುದು ಸುಲಭವಲ್ಲ. ಆದರೂ ಪ್ರಯತ್ನಿಸುತ್ತೇನೆ.

2024ರ ಮೇ 29ನೇ ತಾರೀಕು ನಿಮಗೆಲ್ಲ ನೆನಪಿರಬಹುದು. ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ಎಂದು ಟಿವಿಯಲ್ಲಿ ಬಂತು. ಹಾಸನದಿಂದ ಅಮ್ಮ ಫೋನ್ ಮಾಡಿದಳು. “ಐವತ್ತಮೂರು ಡಿಗ್ರಿಯಂತೆ, ಮಗೂನ ಕರ್ಕೊಂಡು ಬಂದ್ಬಿಡೇ.” ಕೆಲವು ದಿನಗಳ ಮೇಲೆ ಹವಾಮಾನ ಇಲಾಖೆಯವರು ಪರೀಕ್ಷಿಸಿ, ಅಲ್ಲಿನ ಸೆನ್ಸರ್ ಮೂರು ಡಿಗ್ರಿ ಹೆಚ್ಚು ತೋರಿಸಿದೆ ಎಂದರು. ನಾನು ಉತ್ಸಾಹದಿಂದ ಅಮ್ಮನಿಗೆ ಸೆನ್ಸರ್ ಎಂದರೇನು, ಅದು ಹೇಗೆ ತಪ್ಪುತ್ತದೆ ಎಂದೆಲ್ಲ ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, “ಮೂರು ಕಳೆದರೂ ಐವತ್ತೇ ತಾನೆ?” ಎಂದಳು. ಎಂ.ಟೆಕ್ ಓದಿದವಳ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಅದೇ ದಿನ ಸಫ್ದರ್‌ಜಂಗ್‌ನಲ್ಲಿ 46.8 ಇತ್ತು. ಅದು ಸರಿಯಾದ ಸೆನ್ಸರ್!

ನನಗೆ ಈ ಊರಿನ ಬೇಸಿಗೆಯಲ್ಲಿ ಮೊದಲು ಇಷ್ಟವಾದದ್ದು ಕೂಲರ್. ನಗಬೇಡಿ. ಸುರತ್ಕಲ್‌ನಲ್ಲಿ ಓದುವಾಗ ಮೂವತ್ತನಾಲ್ಕು ಡಿಗ್ರಿಗೇ ಬೆವರಿ ಬೆವರಿ ಸುಸ್ತಾಗುತ್ತಿದ್ದೆವು. ಇಲ್ಲಿ ನಲವತ್ತೆರಡರಲ್ಲೂ ಒಗೆದ ಜೀನ್ಸ್ ಪ್ಯಾಂಟು ಅರ್ಧ ಗಂಟೆಯಲ್ಲಿ ಹಪ್ಪಳವಾಗುತ್ತದೆ. ಆ ಒಣ ಗಾಳಿಯೇ ಕೂಲರ್‌ನ ಬಂಡವಾಳ. ಒದ್ದೆಯಾದ ಹುಲ್ಲಿನ ಪ್ಯಾಡಿನ ಮೂಲಕ ಗಾಳಿ ಹಾಯುವಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಮೇ ತಿಂಗಳಲ್ಲಿ ಒಳ್ಳೆಯ ಕೂಲರ್ ಹತ್ತು ಹನ್ನೆರಡು ಡಿಗ್ರಿ ಇಳಿಸುತ್ತದೆ. ಜುಲೈ ಬಂದು ಗಾಳಿಯಲ್ಲಿ ತೇವ ತುಂಬಿದ ಮೇಲೆ ಅದೇ ಕೂಲರ್ ಬರೀ ಸದ್ದು ಮಾಡುವ ಡಬ್ಬ. ನಮ್ಮ ಮಣ್ಣಿನ ಹೂಜಿಯದೂ ಇದೇ ವಿದ್ಯೆ. ಪ್ಯಾಡಿಗೆ ಖಸ್, ಅಂದರೆ ನಮ್ಮ ಲಾವಂಚ, ಹಾಕಿಸಿದರಂತೂ ಇಡೀ ಮನೆ ಅಜ್ಜಿಯ ಬಟ್ಟೆಪೆಟ್ಟಿಗೆ ತೆರೆದ ಹಾಗೆ ಘಮಗುಡುತ್ತದೆ. ಎಸಿಗೆ ಈ ವಾಸನೆ ಎಲ್ಲಿಂದ ಬರಬೇಕು?

ಎರಡನೆಯದು ಮರಗಳು. ಊರೆಲ್ಲ ಬೆಂದು ಕೂತಿರುವಾಗ, ಎಲೆಯೆಲ್ಲ ಉದುರಿಸಿಕೊಂಡ ಕಕ್ಕೆ ಮರ ಮೈತುಂಬಾ ಹಳದಿ ಗೊಂಚಲು ಇಳಿಬಿಟ್ಟುಕೊಂಡು ನಿಲ್ಲುತ್ತದೆ. ಇಲ್ಲಿಯವರು ಅದನ್ನು ಅಮಲ್‌ತಾಸ್ ಎನ್ನುತ್ತಾರೆ. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅಮೃತಾ ಶೇರ್‌ಗಿಲ್ ಮಾರ್ಗದಲ್ಲಿ ಒಂದು ಸುತ್ತು ನಡೆದು ನೋಡಿ. ನನ್ನ ಮಗಳು ಅಲ್ಲಿ ಉದುರಿದ ಹೂ ಬಾಚಿ ತಲೆ ಮೇಲೆ ಸುರಿದುಕೊಂಡು “ಅಮ್ಮಾ, ಅರಿಶಿನದ ಮಳೆ” ಅಂದಳು. ಹಾಸನದಲ್ಲಿಯೂ ಕಕ್ಕೆ ಇದೆ, ಆದರೆ ನಾನು ತಲೆಯೆತ್ತಿ ಅದನ್ನು ನೋಡಿದ್ದು ದೆಹಲಿಗೆ ಬಂದ ಮೇಲೆಯೇ. ಜೂನ್ ಕೊನೆಗೆ ನೇರಳೆಯ ಸರದಿ. ಲುಟ್ಯೆನ್ಸ್ ದೆಹಲಿಯ ರಸ್ತೆಬದಿಯ ದೊಡ್ಡ ದೊಡ್ಡ ಮರಗಳ ಕೆಳಗೆ ನಾಲ್ಕು ಜನ ಚಾದರ ಹಿಡಿದು ನಿಂತಿರುತ್ತಾರೆ, ಒಬ್ಬ ಮೇಲೆ ಹತ್ತಿ ಕೊಂಬೆ ಅಲ್ಲಾಡಿಸುತ್ತಾನೆ. ಕರಿ ಉಪ್ಪು ಹಾಕಿ ಕುಲುಕಿ ಕೊಟ್ಟ ನೇರಳೆ ತಿಂದು, ನೇರಳೆ ಬಣ್ಣದ ನಾಲಿಗೆ ಇಟ್ಟುಕೊಂಡೇ ನಾನು ಒಮ್ಮೆ ಕ್ಲೈಂಟ್ ಕಾಲ್‌ಗೆ ಕೂತಿದ್ದೆ. ಕ್ಯಾಮೆರಾ ಆಫ್ ಎಂಬುದು ಬೇಸಿಗೆಯ ಇನ್ನೊಂದು ಸುಖ.

ಹಣ್ಣಿನ ವಿಷಯದಲ್ಲಿ ಒಂದು ಗೊಂದಲವನ್ನು ಹೇಳಲೇಬೇಕು. ಇಲ್ಲಿಗೆ ಬಂದ ಹೊಸದರಲ್ಲಿ “ಬೇಲ್ ಶರಬತ್” ಎಂಬ ಬೋರ್ಡು ನೋಡಿ ರಾಮನವಮಿಯ ಪಾನಕ ಸಿಕ್ಕಿತೆಂದು ಓಡಿದೆ. ಕುಡಿದರೆ ರುಚಿಯೇ ಬೇರೆ! ನಮ್ಮ ಬೇಲದ ಹಣ್ಣಿಗೆ ಇವರು ‘ಕೈಥ್’ ಎನ್ನುತ್ತಾರೆ. ಇವರ ಬೇಲ್ ನಾವು ಶಿವನಿಗೆ ಎಲೆ ಏರಿಸುವ ಬಿಲ್ವದ ಕಾಯಿ. ಹುಳಿಯಿಲ್ಲದ, ಮಂದವಾದ, ಹೊಟ್ಟೆಗೆ ಹಿತವಾದ ಪಾನಕ ಅದು. ಈಗ ಅಭ್ಯಾಸವಾಗಿದೆ. ಆಫೀಸಿನ ಹೊರಗೆ ಬಿಹಾರದ ಒಬ್ಬರು ಸತ್ತು ಶರಬತ್ ಮಾಡುತ್ತಾರೆ. ಕಡಲೆ ಹುರಿದು ಮಾಡಿದ ಹಿಟ್ಟು, ಈರುಳ್ಳಿ, ನಿಂಬೆರಸ, ಜೀರಿಗೆ. ನಮ್ಮ ರಾಗಿ ಅಂಬಲಿಯ ದೂರದ ನೆಂಟ. ಮಾವಿನ ಬಗ್ಗೆ ಮಾತಾಡಿದರೆ ಜಗಳವಾಗುತ್ತದೆ. ಸಫೇದಾ, ದಶಹರಿ, ಲಂಗ್ಡಾ, ಚೌಸಾ ಎಲ್ಲಕ್ಕೂ ಮರ್ಯಾದೆ ಕೊಡೋಣ. ರಸಪುರಿಯ ಜಾಗ ಮಾತ್ರ ಖಾಲಿ ಇದೆ, ಖಾಲಿಯೇ ಇರಲಿ.

ಈ ಮಾವಿನ ಮಾತಿನಿಂದಲೇ ನಮ್ಮ ಮನೆಗೆಲಸಕ್ಕೆ ಬರುವ ದೀದಿಯ ಜೊತೆ ಮಾತು ಬೆಳೆಯಿತು. ಅವರು ಬಂಗಾಳದ ಮಾಲ್ಡಾ ಕಡೆಯವರು, ಫಜಲಿ ಮಾವಿನ ಊರು. ನಾನು ರಸಪುರಿ ಎಂದರೆ ಅವರು ಫಜಲಿ ಎನ್ನುತ್ತಾರೆ, ಇಬ್ಬರೂ ಸೋಲುವುದಿಲ್ಲ. ಅವರು ಇರುವುದು ಖೋಡಾದಲ್ಲಿ, ನಮ್ಮ ಇಂದಿರಾಪುರಂನ ಪಕ್ಕದಲ್ಲೇ. ಮೇಲಿನ ಮಹಡಿಯಲ್ಲಿ ಒಂದೇ ಕೋಣೆ. ಒಂದು ದಿನ ನಾನು ಕೂಲರ್‌ನ ಗುಣಗಾನ ಮಾಡುತ್ತಿದ್ದೆ. ದೀದಿ ಪಾತ್ರೆ ತೊಳೆಯುತ್ತಾ, “ನಮ್ಮಲ್ಲೂ ಇದೆ ಭಾಭಿ, ಅದಕ್ಕೆ ಹಾಕೋ ನೀರು ಎಲ್ಲಿದೆ?” ಎಂದರು. ಅವರ ಕಟ್ಟಡಕ್ಕೆ ಬರುವುದು ಟ್ಯಾಂಕರ್ ನೀರು. ಕೂಲರ್ ಬಾಯಿಗೆ ಸುರಿದರೆ ಅನ್ನಕ್ಕೆ ಇಲ್ಲ. ನೀರಿಲ್ಲದ ಕೂಲರ್ ಬಿಸಿಗಾಳಿ ಬೀಸುವ ಫ್ಯಾನು, ಅಷ್ಟೆ.

ನನಗೆ ತಟ್ಟಿದ್ದು ರಾತ್ರಿಯ ಮಾತು. 2024ರ ಜೂನ್ 19ರಂದು ಸಫ್ದರ್‌ಜಂಗ್‌ನಲ್ಲಿ ಕನಿಷ್ಠ ಉಷ್ಣಾಂಶವೇ 35.2 ಡಿಗ್ರಿ. ಕನಿಷ್ಠ! ಹಗಲೆಲ್ಲ ಕಾದ ಆರ್‌ಸಿಸಿ ಚಾವಣಿ ರಾತ್ರಿಯಿಡೀ ಆ ಶಾಖವನ್ನು ಒಳಗೆ ಸುರಿಯುತ್ತದೆ. “ಗಂಡಸರು ಮಾಳಿಗೆ ಮೇಲೆ ಹಾಸಿಕೊಂಡು ಮಲಗುತ್ತಾರೆ ಭಾಭಿ. ನಾವು ಹೆಂಗಸರು ಮೇಲೆ ಹೋಗೋಕಾಗತ್ತಾ? ನೆಲಕ್ಕೆ ಒದ್ದೆ ಬಟ್ಟೆ ಹಾಸಿ ಮಕ್ಕಳನ್ನ ಮಲಗಿಸ್ತೀವಿ, ಬೀಸಣಿಗೆಲಿ ಬೀಸ್ತಾ ಕೂರ್ತೀವಿ.” ಹೀಗೆ ಕೂತು ಬೆಳಗು ಮಾಡಿ, ಮತ್ತೆ ಮಧ್ಯಾಹ್ನ ಹನ್ನೆರಡಕ್ಕೆ ನಲವತ್ತನಾಲ್ಕು ಡಿಗ್ರಿಯಲ್ಲಿ ನಡೆದು ನಮ್ಮ ಮನೆಗೆ. ಬೆಂಕಿಯಂಥ ‘ಲೂ’ ಗಾಳಿಯಿದೆ, ಹೊರಗೆ ಹೋಗಬೇಡಿ ಎಂದು ನಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಬರುವುದು ಸರಿಯಾಗಿ ಅದೇ ಹೊತ್ತಿಗೆ.

ನಮ್ಮ ಮಹಡಿಯ ನಾಲ್ಕು ಮನೆಯವರು ಕೂತು ಮಾತಾಡಿದೆವು. ಮೇ, ಜೂನ್ ಎರಡು ತಿಂಗಳು ದೀದಿ ಬೆಳಿಗ್ಗೆ ಆರರಿಂದ ಹತ್ತೂವರೆಯೊಳಗೆ ನಾಲ್ಕೂ ಮನೆ ಮುಗಿಸುವುದು, ಮಧ್ಯಾಹ್ನದ ಪಾತ್ರೆ ಮರುದಿನಕ್ಕೆ. ಮೂರು ಮನೆಯವರು ಒಪ್ಪಿದರು. ನಾಲ್ಕನೆಯವರು “ಆರು ಗಂಟೆಗೆ ನಮ್ಮ ಮನೇಲಿ ಯಾರು ಎದ್ದಿರ್ತಾರೆ?” ಎಂದರು. ಅವರ ಮನೆಯ ಕೆಲಸ ದೀದಿ ಬಿಟ್ಟರು; ಆ ಸಂಬಳವನ್ನು ನಾವು ಮೂರು ಮನೆಯವರು ಹಂಚಿಕೊಂಡೆವು. ಸಿಂಕಿನಲ್ಲಿ ರಾತ್ರಿಯವರೆಗೂ ಪಾತ್ರೆ ಬಿದ್ದಿರುತ್ತದೆ. ನನ್ನ ಗಂಡ ಮೊದಲ ವಾರ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು, ಎರಡನೇ ವಾರ ತೊಳೆಯಲು ಶುರುಮಾಡಿದರು. ಇದನ್ನು ಬೇಸಿಗೆಯ ಸಣ್ಣ ಸುಖದ ಪಟ್ಟಿಗೆ ಸೇರಿಸಬಹುದೋ ಇಲ್ಲವೋ, ನೀವೇ ಹೇಳಿ.

ಗುರು ಅರ್ಜನ್ ದೇವರ ಹುತಾತ್ಮ ದಿನದಂದು ಸಿಖ್ಖರು ರಸ್ತೆಯಲ್ಲಿ ಛಬೀಲ್ ಇಡುವುದನ್ನು ನೀವೆಲ್ಲ ನೋಡಿದ್ದೀರಿ. 1606ರಲ್ಲಿ ಇಂಥದ್ದೇ ಸುಡುಬಿಸಿಲಿನಲ್ಲಿ ಅವರಿಗೆ ಚಿತ್ರಹಿಂಸೆ ಕೊಟ್ಟು ಕೊಂದರು. ಆ ನೆನಪಿಗೆ ಇವರು ದಾರಿಹೋಕರನ್ನೆಲ್ಲ ತಡೆದು ತಣ್ಣನೆಯ ಗುಲಾಬಿ ಹಾಲಿನ ಶರಬತ್ತು ಕುಡಿಸುತ್ತಾರೆ. ಕಾರು, ರಿಕ್ಷಾ, ಬಸ್ಸು ಭೇದವಿಲ್ಲ. ಹೋದ ಸಲ ನನ್ನ ಆಟೋ ನಿಲ್ಲಿಸಿ ಒಬ್ಬ ಪುಟ್ಟ ಹುಡುಗ ಲೋಟ ನೀಡಿದ. ಬೇಡ ಎಂದರೆ ಬಿಡುವವನಲ್ಲ, “ಆಂಟಿ, ಇನ್ನೊಂದು” ಎಂದು ಎರಡನೆಯದನ್ನೂ ಕೊಟ್ಟ. ಆಂಟಿ ಎಂದದ್ದನ್ನು ಶರಬತ್ತಿನ ತಂಪಿಗೆ ಕ್ಷಮಿಸಿದೆ.

ಇದನ್ನು ನೋಡಿಯೇ ನನಗೊಂದು ಯೋಚನೆ ಬಂತು, ಸಭೆಯ ಮುಂದಿಡುತ್ತೇನೆ. ನಾವೂ ಜೂನ್ ತಿಂಗಳ ಭಾನುವಾರಗಳಲ್ಲಿ, ಬೆಲ್ಲ, ನಿಂಬೆ, ಏಲಕ್ಕಿ, ಚೂರು ಶುಂಠಿ ಹಾಕಿದ ನಮ್ಮ ಪಾನಕವನ್ನು ಒಂದೊಂದು ಬಡಾವಣೆಯ ಗೇಟಿನಲ್ಲಿ ಕೊಡಬಹುದೇ? ಡೆಲಿವರಿ ಹುಡುಗರು, ಕಾವಲಿನವರು, ಹನ್ನೆರಡಕ್ಕೆ ನಡೆದು ಬರುವ ದೀದಿಯರು ಕುಡಿಯಲಿ. ಇಂದಿರಾಪುರಂ, ವೈಶಾಲಿ ಕಡೆಯ ಜವಾಬ್ದಾರಿ ನನ್ನದು. ದ್ವಾರಕಾ, ಗುರುಗ್ರಾಮ, ಮಯೂರ್ ವಿಹಾರದವರು ಇವತ್ತು ಹೋಗುವ ಮುನ್ನ ನನ್ನ ಹತ್ತಿರ ಹೆಸರು ಬರೆಸಿ. ದೊಡ್ಡ ಸ್ಟೀಲ್ ಕ್ಯಾನು ಇರುವವರು ಅದನ್ನೂ ಬರೆಸಿ, ಬೆಲ್ಲಕ್ಕಿಂತ ಕ್ಯಾನಿನದೇ ಕಷ್ಟ.

ಹಿಂದಿನ ಮೇಜಿನ ಮೇಲೆ ಮಜ್ಜಿಗೆ ಇದೆ. ಒಗ್ಗರಣೆ ಹಾಕಿದ್ದು ಎಡಗಡೆ, ಹಾಕದ್ದು ಬಲಗಡೆ.