ಕೊನೆಯ ಸಿಂಪಡಣೆ ಮತ್ತು ಗೋಧಿಯ ಗುಣ



ಮಲೆನಾಡಿನ ಗದ್ದೆ ಭತ್ತದ್ದು, ಗೋಧಿಯದಲ್ಲ. ಆದರೂ ಯೂರಿಯಾ ಚೀಲ ಇಲ್ಲಿ ಅಪರಿಚಿತವಲ್ಲ. ಅದರೊಳಗಿನ ಸಾರಜನಕ ಬೆಳೆಗೆ ಯಾವಾಗ ಬೇಕು, ಯಾತಕ್ಕಾಗಿ ಬೇಕು ಎಂಬ ವಿವೇಚನೆಗೆ ಇಂಗ್ಲೆಂಡಿನ ಗೋಧಿ ಹೊಲಗಳು ಉತ್ತಮ ನಿದರ್ಶನ.

ಅಲ್ಲಿನ ಗಿರಣಿಗಳು ಬ್ರೆಡ್ಡಿಗೆ ಒದಗುವ ಗೋಧಿಯಲ್ಲಿ ಸಾಮಾನ್ಯವಾಗಿ ಶೇ. 13ರಷ್ಟು ಪ್ರೋಟೀನ್ ಬಯಸುತ್ತವೆ. ಕಡಿಮೆಯಾದರೆ ರೈತನಿಗೆ ಬೆಲೆ ಇಳಿಯುತ್ತದೆ. ಬೆಳೆಯ ಆರಂಭದಲ್ಲಿ ದೊರೆತ ಸಾರಜನಕ ತೆಂಡೆ, ಎಲೆ, ತೆನೆಗಳನ್ನು ಬೆಳೆಸಿ ಇಳುವರಿ ಹೆಚ್ಚಿಸುತ್ತದೆ. ಹೂ ಕಳೆದ ಬಳಿಕ ಕಾಳುಗಳ ಸಂಖ್ಯೆ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಆಗ ದೊರೆತದ್ದು ಮುಖ್ಯವಾಗಿ ಕಾಳಿನ ಪ್ರೋಟೀನ್ ಆಗುತ್ತದೆ. ಆ ಹೊತ್ತಿಗೆ ಮೇಲ್ಮಣ್ಣು ಒಣಗಿ ಬೇರು ಹೀರುವುದು ತಗ್ಗಿರುತ್ತದೆ. ಆದ್ದರಿಂದ ಯೂರಿಯಾ ದ್ರಾವಣವನ್ನು ಎಲೆಗಳ ಮೇಲೆ ಸಿಂಪಡಿಸುತ್ತಾರೆ. ಎಲೆಯೊಳಗಿನ ಕಿಣ್ವವೊಂದು ಅದನ್ನು ಅಮೋನಿಯಾ ಆಗಿ ಒಡೆಯುತ್ತದೆ. ಅದು ಅಮೈನೋ ಆಮ್ಲಗಳ ರೂಪ ತಾಳಿ ಕಾಳನ್ನು ಸೇರುತ್ತದೆ.

ಕಾಳಿನಲ್ಲಿ ಹಾಲು ತುಂಬುವ ಹಂತದಲ್ಲಿ ಹೆಕ್ಟೇರಿಗೆ 40 ಕಿಲೋ ಸಾರಜನಕ, ಎಂದರೆ ಸುಮಾರು 87 ಕಿಲೋ ಯೂರಿಯಾ, ಕೊಟ್ಟರೆ ಶೇ. 12ರಷ್ಟಿದ್ದ ಪ್ರೋಟೀನ್ 13ರ ಸಮೀಪಕ್ಕೆ ಏರಬಲ್ಲದು. ಇಳುವರಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ. ಉರಿಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಟ್ಟು ನಷ್ಟವೂ ಆದೀತು.

ಅಳತೆ ಏರಿದ ಮಾತ್ರಕ್ಕೆ ಗುಣ ಏರಿತೇ? ಪ್ರೋಟೀನಿನ ಲೆಕ್ಕವೆಂದರೆ ಕಾಳಿನ ಸಾರಜನಕವನ್ನು 5.7ರಿಂದ ಗುಣಿಸಿ ಬಂದ ಸಂಖ್ಯೆ. ಹಿಟ್ಟನ್ನು ಹಿಗ್ಗಿಸಿ ಹಿಡಿದಿಡುವ ಗ್ಲುಟೆನ್‌ಗೆ ಗಂಧಕವೂ ಬೇಕು. ಅದರ ಎಳೆಗಳನ್ನು ಹೆಣೆಯುವವು ಗಂಧಕದ ಬಂಧಗಳೇ. ಹಿಂದೆ ಬ್ರಿಟನ್ನಿನ ಕಲ್ಲಿದ್ದಲ ಹೊಗೆಯೇ ಹೊಲಗಳಿಗೆ ಗಂಧಕ ಸುರಿಸುತ್ತಿತ್ತು. ಆಮ್ಲಮಳೆಯನ್ನು ತಡೆಯಲು ಹೊಗೆಗೆ ಕಡಿವಾಣ ಬಿದ್ದ ಮೇಲೆ ಗೋಧಿಯಲ್ಲಿ ಗಂಧಕದ ಕೊರತೆ ಕಾಣಿಸಿತು. ಗಂಧಕವಿಲ್ಲದೆ ಸಾರಜನಕವನ್ನೇ ಹೇರಿದರೆ ಕಾಳಿನಲ್ಲಿ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಶೇಖರವಾಗುತ್ತದೆ. ಹೆಚ್ಚಿನ ಶಾಖದಲ್ಲಿ ಬೇಯಿಸಿದಾಗ ಅದರಿಂದ ಅಕ್ರಿಲಮೈಡ್ ಹುಟ್ಟುತ್ತದೆ. 1994ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ ಸಾಲಿಗೆ ಸೇರಿಸಲಾಯಿತು. ಹೀಗೆ ಒಂದು ಸಂಖ್ಯೆಯನ್ನು ಮುಟ್ಟುವ ಭರದಲ್ಲಿ ಕಾಳಿನ ಸಮತೋಲವೇ ತಪ್ಪಬಹುದು.

ಹೊಲದ ಹೊರಗಿನ ಲೆಕ್ಕವೂ ಇದೆ. ಬೆಳೆ ಬಳಸದೆ ಬಿಟ್ಟ ಸಾರಜನಕದ ಒಂದು ಪಾಲು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಇನ್ನೊಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲ. ಬೆಲೆ ದಕ್ಕುವುದು ಮಾರುಕಟ್ಟೆಯಲ್ಲಿ. ಭಾರ ಹೊರುವುದು ಬಾವಿ ಮತ್ತು ಹವೆ.

ಯೂರಿಯಾವನ್ನು ದೂಷಿಸುವುದು ಈ ಮಾತಿನ ಉದ್ದೇಶವಲ್ಲ. ಮಣ್ಣಿನ ಪರೀಕ್ಷೆ, ಗಂಧಕದ ಸಮತೋಲ, ಸೂಕ್ತ ತಳಿ, ದ್ವಿದಳ ಬೆಳೆಯ ಸರದಿ ಇವೆಲ್ಲ ಮೊದಲು ಬರಬೇಕು, ಸಿಂಪಡಣೆ ಕೊನೆಗೆ. ಈ ಕ್ರಮ ಭತ್ತಕ್ಕೂ ಸಲ್ಲುತ್ತದೆ. ಇಳಿಜಾರಿನ ನಾಡಿನಲ್ಲಂತೂ ಮೇಲಿನ ಗದ್ದೆಗೆ ಹೆಚ್ಚಾದದ್ದು ಕೆಳಗಿನ ಹಳ್ಳಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ.